ಶಂಕೆ ಬಿಡಿಸಿದ ಸಿಸ್ಟರ್

"ಹೇಗಿದ್ದೀರಿ?" ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಆಸ್ಪತ್ರೆಯಲ್ಲೇ ದುಡಿದ ನರ್ಸೊಬ್ಬರು ಈ ಒಂದು ಮಾತನ್ನು ಬಾಯಿಗೆ ತರುತ್ತಿರಲಿಲ್ಲ ಎಂದರೆ ನಂಬುವುದು ಕಷ್ಟ. ನಾನೇ ಒಮ್ಮೆ ಕಾರಣ ಕೇಳಿದೆ. "ಗಂಡಸ್ರನ್ನ ಹೇಗಿದ್ದೀರಿ ಅಂದ್ರೆ ಚೆನ್ನಾಗಿದ್ದೀನಿ ಅಂತಾರೆ ಸಾರ್. ಸಾಯೋ ದಿನಾನೂ ಅದನ್ನೇ ಅಂತಾರೆ. ಆ ಉತ್ತರ ಇಟ್ಕೊಂಡು ನಾನೇನು ಮಾಡ್ಲಿ?" ಎಂದರು. ಅದರ ಬದಲು ಅವರು ತಟ್ಟೆ ನೋಡುತ್ತಿದ್ದರು. ಊಟದ ಹೊತ್ತು ಮುಗಿದ ಮೇಲೆ ವಾರ್ಡಿನಲ್ಲಿ ಒಂದು ಸುತ್ತು ಬಂದು, ಯಾರು ಯಾರು ಏನೇನು ಬಿಟ್ಟಿದ್ದಾರೆ ಎಂದು ನೋಡಿಕೊಂಡು ಹೋಗುತ್ತಿದ್ದರು. ಅನ್ನ ಬಿಟ್ಟವನಿಗೆ ಒಂದು ಪ್ರಶ್ನೆ, ಸಾರು ಬಿಟ್ಟವನಿಗೆ ಇನ್ನೊಂದು.

ಕಳೆದ ತಿಂಗಳು ಅವರು ನಿವೃತ್ತರಾದರು. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದು ರಿಟೈರಾದವನು ನಾನು. ಊರಲ್ಲಿ ಯಾರಿಗೆ ಬೀಳ್ಕೊಡುಗೆಯಾದರೂ ಮಾನಪತ್ರ ಬರೆದುಕೊಡುವ ಕೆಲಸ ನನ್ನ ತಲೆಗೇ ಬರುತ್ತದೆ. "ಕರ್ತವ್ಯನಿಷ್ಠೆ, ಸರಳ ಸಜ್ಜನಿಕೆ" ಎಂದು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಈ ಒಬ್ಬರಿಗೆ ಮಾತ್ರ ಬರೆಯಲು ಕೈ ಬರಲಿಲ್ಲ. ಇವರ ಬಗ್ಗೆ ನಿಜ ಬರೆದರೆ ಮೊದಲು ನನ್ನ ಮಾನವೇ ಹೋಗಬೇಕು, ಆಮೇಲೆ ಮಾನಪತ್ರ. ಈಗ ಯೋಚಿಸಿ ನೋಡಿ, ಮಾನ ಹೋದರೆ ಹೋಗಲಿ ಬಿಡು ಎಂದುಕೊಂಡಿದ್ದೇನೆ.

ಹೆಸರು ಹಾಕಲೇ ಎಂದು ಫೋನಿನಲ್ಲಿ ಕೇಳಿದೆ. "ಬೇಡ ಸಾರ್, ದಮ್ಮಯ್ಯ. ಹಾಸನ ಜಿಲ್ಲೆಯ ಅರ್ಧ ಗಂಡಸ್ರು ಗಾಬರಿ ಬೀಳ್ತಾರೆ, ಮುಂದೆ ನಮ್ಮ ಹೆಸರೂ ಬರ್ತದೇನೋ ಅಂತ" ಎಂದು ನಕ್ಕರು. ಹಾಗಾಗಿ ವಾರ್ಡಿನಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ನಾನೂ ಸಿಸ್ಟರ್ ಎಂದೇ ಬರೆಯುತ್ತೇನೆ.

ಆರೇಳು ವರ್ಷದ ಹಿಂದಿನ ಮಾತು. ನನಗೆ ಆಗ ಅರವತ್ತೆರಡು. ಪ್ರಾಸ್ಟೇಟ್ ದಪ್ಪವಾಗಿ, ಉಚ್ಚೆ ಕಟ್ಟಿಕೊಂಡು, ಆಪರೇಷನ್ನಿಗೆಂದು ಹಾಸನದ ಆಸ್ಪತ್ರೆ ಸೇರಿದೆ. ಊರಿನಲ್ಲಿ ಹರ್ನಿಯಾ ಎಂದು ಹೇಳಿ ಹೋಗಿದ್ದೆ. ಹರ್ನಿಯಾ ಮರ್ಯಾದಸ್ತರ ಕಾಯಿಲೆ. ಭಾರ ಎತ್ತಿ ಬಂತು ಎನ್ನಬಹುದು. ಸೀಮೆಸುಣ್ಣಕ್ಕಿಂತ ಭಾರದ್ದನ್ನು ನಾನು ಜನ್ಮದಲ್ಲಿ ಎತ್ತಿದವನಲ್ಲ, ಆದರೂ ಯಾರೂ ಅನುಮಾನ ಪಡಲಿಲ್ಲ.

ಆಪರೇಷನ್ ಆಗಿ ಮೂರನೆಯ ದಿನ ಉಚ್ಚೆಯ ಪೈಪು ತೆಗೆದರು. ಇನ್ನು ಮೇಲೆ ತಾನಾಗಿ ಬರಬೇಕು. ಒಂದು ಗಂಟೆ ಬಿಟ್ಟು ಸಿಸ್ಟರ್ ಬಂದು, "ಬಂತಾ ಸಾರ್?" ಎಂದರು. ಸುತ್ತ ಆರು ಮಂಚ, ಆರು ಗಂಡಸರು. ನಾನು ಗಂಟಲು ಸರಿ ಮಾಡಿಕೊಂಡು, "ಲಘುಶಂಕೆಗೆ ಹೋಗಿ ಬಂದೆ" ಎಂದೆ.

"ಶಂಕೆ ಎಲ್ಲಾ ಆಮೇಲೆ ಪರಿಹಾರ ಮಾಡೋಣ ಸಾರ್. ಉಚ್ಚೆ ಬಂತಾ? ತಡೆಯೋಕಾಯ್ತಾ, ಇಲ್ಲಾ ಬಚ್ಚಲಿಗೆ ಹೋಗೋ ಮುಂಚೆನೇ ಪಂಚೆ ಒದ್ದೆ ಆಯ್ತಾ?"

ವಾರ್ಡು ಪೂರ್ತಿ ಕಿವಿಯಾಗಿತ್ತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ಊರಿನ ಮೂರು ತಲೆಮಾರಿಗೆ ವ್ಯಾಕರಣ ಕಲಿಸಿದವನ ಹತ್ತಿರ ಆಡುವ ಮಾತೇ ಇದು! ಆದರೆ ಪಂಚೆ ಒದ್ದೆಯಾಗಿದ್ದು ನಿಜ. ಅದನ್ನು ಮಡಿಸಿ ದಿಂಬಿನ ಕೆಳಗೆ ತುರುಕಿದ್ದೂ ನಿಜ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ವರ್ಷಾ ವರ್ಷಾ ಮಕ್ಕಳಿಂದ ವಿಸ್ತರಿಸಿ ಬರೆಸಿದವನ ಕೊಡ ಈಗ ತುಂಬದೆಯೂ ತುಳುಕುತ್ತಿತ್ತು. "ಒದ್ದೆ ಆಯ್ತು" ಎಂದೆ, ಗೋಡೆ ನೋಡಿಕೊಂಡು.

ಅವರು ಸ್ಟೂಲು ಎಳೆದುಕೊಂಡು ಕೂತರು. ಎಲ್ಲಿ ಬಿಗಿ ಹಿಡಿಯಬೇಕು, ಎಷ್ಟು ಎಣಿಸುವವರೆಗೆ ಹಿಡಿಯಬೇಕು, ಯಾವಾಗ ಬಿಡಬೇಕು, ದಿನಕ್ಕೆ ಎಷ್ಟು ಸಲ, ಎಲ್ಲವನ್ನೂ ಹೇಳಿಕೊಟ್ಟರು. ಕೊನೆಗೆ, "ಕೆಲವು ವಾರ ಬೇಕು ಸಾರ್. ನಿಮ್ಮ ಮಕ್ಕಳು ಸ್ಕೂಲಿಗೆ ಸೇರಿದ ದಿನವೇ ಕಾಗುಣಿತ ಬರೆದ್ರಾ? ನೀವು ಕೆಟ್ಟುಹೋಗಿಲ್ಲ, ಕಲೀತಿದ್ದೀರಿ" ಎಂದರು. ಅವರು ಹೋದ ಮೇಲೆ ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಅತ್ತೆ. ಎಷ್ಟೋ ದಿನದ ಮೇಲೆ ಹಗುರಾಗಿ ಅತ್ತಿದ್ದು ಅದೇ.

ಚನ್ನರಾಯಪಟ್ಟಣದ ಆಚೆ, ಬೆಳಗೊಳದ ಹತ್ತಿರದ ಒಂದು ಹಳ್ಳಿಯ ಜೈನರ ಮನೆಯ ಹೆಣ್ಣುಮಗಳು ಅವರು. ಮಧ್ಯಾಹ್ನದ ಪಾಳಿ ಇದ್ದ ದಿನ ಹೊತ್ತು ಮುಳುಗುವ ಮುಂಚೆ ಡಬ್ಬಿ ತೆರೆದು, ಕಿಟಕಿಯ ಹತ್ತಿರ ನಿಂತೇ ಊಟ ಮುಗಿಸುತ್ತಿದ್ದರು. ಮೋಡ ಮುಚ್ಚಿದ ದಿನ ಪಂಚಾಂಗವನ್ನೂ ನಂಬದೆ ಐದು ಗಂಟೆಗೇ ತಿಂದುಬಿಡುವುದು. ಗಂಡಸರ ವಾರ್ಡಿಗೆ ಹಾಕಿದ ಹೊಸದರಲ್ಲಿ ಮನೆಯಲ್ಲಿ ದೊಡ್ಡ ಗಲಾಟೆಯಾಯಿತಂತೆ. "ನಮ್ಮತ್ತೆ ಒಂದು ವಾರ ನನ್ನ ಕೈಲಿ ನೀರೂ ಇಸ್ಕೊಳ್ಳಲಿಲ್ಲ. ಆಮೇಲೆ ನಮ್ಮ ಮಾವನಿಗೇ ಈ ಕಾಯಿಲೆ ಬಂತು. ಪೈಪು ಕಟ್ಟಿಕೊಂಡಾಗ ಅತ್ತೆನೇ ಓಡಿ ಬಂದು ಎಬ್ಬಿಸಿದ್ರು" ಎಂದು ಅವರೇ ಹೇಳಿದರು. ಹೇಳುವಾಗ ಗೆದ್ದ ಖುಷಿಯನ್ನು ಒಂದಿಷ್ಟೂ ಬಚ್ಚಿಡಲಿಲ್ಲ.

ಆಪರೇಷನ್ ಆದ ನಾವೆಲ್ಲ ಪೈಪಿನ ತುದಿಗೆ ಕಟ್ಟಿದ ಉಚ್ಚೆಯ ಚೀಲವನ್ನು ಪಂಚೆಯೊಳಗೆ ಅಡಗಿಸಿಕೊಂಡು ಕಳ್ಳರ ಹಾಗೆ ಗೋಡೆ ಸವರಿಕೊಂಡು ನಡೆಯುತ್ತಿದ್ದೆವು. ಅವರಿಗೆ ಅದು ಕಂಡರೆ ಆಗುತ್ತಿರಲಿಲ್ಲ. "ಕೈಲಿ ಹಿಡ್ಕೊಳ್ಳಿ. ಸಂತೆಗೆ ಹೋಗೋರ ಥರ ನಡೀರಿ. ನಿಮ್ಮದೇ ತಾನೆ, ಕದ್ದಿದ್ದಲ್ವಲ್ಲ" ಎನ್ನುತ್ತಿದ್ದರು. ಮೊದಲ ದಿನ ನಾಚಿಕೆ, ಎರಡನೆಯ ದಿನ ಯಾರ ಚೀಲದಲ್ಲಿ ರಕ್ತದ ಕೆಂಪು ಕಡಿಮೆಯಾಗಿದೆ ಎಂದು ನಾವು ನಾವೇ ಪೈಪೋಟಿ.

ಇಷ್ಟು ಹೇಳಿದ್ದು ಅವರ ನಡೆನುಡಿ ತಿಳಿಯಲಿ ಎಂದು. ಅವರು ಎಂಥವರು ಎಂದು ನನಗೆ ಪೂರ್ತಿ ಗೊತ್ತಾಗಿದ್ದು ಗೌಡರ ವಿಷಯದಲ್ಲಿ. ಅಲ್ಲಿ ನಡೆದ ತಪ್ಪು ಅಷ್ಟೂ ನನ್ನದು.

ಗೌಡರು ಅರಕಲಗೂಡು ಕಡೆಯವರು. ವಯಸ್ಸು ಅರವತ್ತರ ಹತ್ತಿರ. ಹೊಗೆಸೊಪ್ಪು, ಆಲೂಗೆಡ್ಡೆ ಬೆಳೆಯುವ ಗಟ್ಟಿ ಆಳು. ಹುರಿ ಮಾಡಿದ ಮೀಸೆ. ನನ್ನ ಪಕ್ಕದ ಮಂಚ. ನನಗೆ ಆದ ಎರಡು ದಿನದ ನಂತರ ಅವರಿಗೂ ಅದೇ ಆಪರೇಷನ್ ಆಯಿತು. ಡಾಕ್ಟರು ಮೊದಲೇ ಚಿತ್ರ ಬರೆದು ತೋರಿಸಿ ಎಲ್ಲ ಹೇಳಿದ್ದರು, ಗೌಡರು ಎಲ್ಲಕ್ಕೂ "ಊ ಸಾ, ಊ ಸಾ" ಎಂದು ತಲೆಯಾಡಿಸಿದ್ದರು. ಅರ್ಥವಾಗಿದ್ದಕ್ಕಲ್ಲ, ದೊಡ್ಡವರ ಎದುರು ಅರ್ಥವಾಗಲಿಲ್ಲ ಎನ್ನಬಾರದು ಎಂದು. ಆಪರೇಷನ್ ಆದ ಮಾರನೆಯ ದಿನ ನನ್ನ ಕಡೆ ಹೊರಳಿ ಮೆಲ್ಲಗೆ ಕೇಳಿದರು.

"ಮೇಷ್ಟ್ರೇ, ಡಾಕ್ಟ್ರು ಅದೇನೋ ಗ್ರಂತಿ ಅಂದ್ರಲ್ಲಾ, ಅಂಗಂದ್ರೇನು?"

ಯಾರಾದರೂ ಪದದ ಅರ್ಥ ಕೇಳಿದರೆ ಸಾಕು, ನನಗೆ ಕಾಯಿಲೆಯೇ ಮರೆತುಹೋಗುತ್ತದೆ. ಎದ್ದು ಕೂತು ಪಾಠ ಶುರು ಮಾಡಿದೆ. "ಗ್ರಂಥಿ ಎಂದರೆ ಗಂಟು. ಇದು ಗಂಡಸರಿಗೆ ಮಾತ್ರ ಇರುವಂಥದ್ದು ಗೌಡರೇ, ಹೆಂಗಸರಿಗೆ ಇಲ್ಲ. ಅದನ್ನೇ ಈಗ ತೆಗೆದಿರುವುದು."

"ತೆಗ್ದಾಕ್ಬುಟ್ರಾ?"

"ತೆಗೆದುಹಾಕಿದರು."

ಗೌಡರು ಹೊದಿಕೆ ಎಳೆದುಕೊಂಡು, "ಇನ್ನ ಬರಾಕಿಲ್ವಾ ಅದು?" ಎಂದರು.

"ಈ ವಯಸ್ಸಿನಲ್ಲಿ ಬಂದು ಏನಾಗಬೇಕು ಬಿಡಿ" ಎಂದು ನಗೆಯಾಡಿ, ಒಳ್ಳೆಯ ಪಾಠ ಮಾಡಿದ ತೃಪ್ತಿಯಿಂದ ಮಗ್ಗುಲು ಬದಲಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ.

ಆಮೇಲೆ ಗೌಡರಿಗೆ ಮಾತೇ ಕಡಿಮೆಯಾಯಿತು. ಅವರ ಹೆಂಡತಿ ಬಂದರೆ ಮುಖ ಆ ಕಡೆಗೆ. ಹೆಂಡತಿ ಬಿಸಿನೀರು ಹಿಡಿದು ನಿಂತರೆ, "ನೀನು ನಿಮ್ಮಣ್ಣನ ಮನೆಗೆ ಓಗು. ನಮ್ಮೂರ್ಗೆ ನಾ ಬರಾಕಿಲ್ಲ" ಎಂದರು. ಆಯಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ಹೋಗಿ ವರಾಂಡದಲ್ಲಿ ಕೂತಿತು. ನೋವು ಇರಬೇಕು, ಸಿಡುಕುತ್ತಾರೆ ಎಂದುಕೊಂಡೆ ನಾನು.

ಮಾರನೆಯ ದಿನ ಮಧ್ಯಾಹ್ನ ಸಿಸ್ಟರ್ ತಟ್ಟೆ ನೋಡುತ್ತಾ ಬಂದು ಗೌಡರ ಮಂಚದ ಹತ್ತಿರ ನಿಂತರು. ಅನ್ನ ಅಷ್ಟಿಷ್ಟು ಹೋಗಿತ್ತು. ಮುದ್ದೆ ಕೊಟ್ಟ ಹಾಗೇ ಇತ್ತು. ಅವರು ಏನೂ ಕೇಳದೆ ನನ್ನ ಕಡೆ ಬಂದು, ಬಾಗಿ, "ಈ ಮನುಷ್ಯ ಮುದ್ದೆ ಬಿಟ್ಟವ್ರೆ ಅಂದ್ರೆ ಕಾಯಿಲೆ ಹೊಟ್ಟೇದಲ್ಲ ಸಾರ್. ನಿಮ್ಮ ಹತ್ರ ಏನಾದ್ರೂ ಅಂದ್ರಾ?" ಎಂದರು.

"ಏನಿಲ್ಲ. ಗೊರೂರಿಗೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ಬೆಳಗ್ಗೆ ಕೇಳಿದರು. ಹೇಳಿದೆ."

"ಗೊರೂರಲ್ಲಿ ಅವ್ರಿಗೆ ಯಾರಿದ್ದಾರೆ?"

"ಯಾರೋ ಇರಬೇಕು."

"ಯಾರೂ ಇಲ್ಲ ಸಾರ್. ನಾನು ಅವ್ರ ಹೆಂಡ್ತಿ ಹತ್ರ ಈಗಷ್ಟೇ ಕೂತಿದ್ದು ಬಂದೆ. ಗೊರೂರಲ್ಲಿ ಇರೋದು ಕಟ್ಟೆ" ಎಂದರು ಸಿಸ್ಟರ್.

ಹೇಮಾವತಿಯ ಕಟ್ಟೆ, ಅದರ ಹಿಂದೆ ತುಂಬಿ ನಿಂತ ನೀರು. ಅಲ್ಲಿಗೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೊಂದು ಸಿಗುತ್ತದೆ ಎಂದು ನಾನೇ ಬಾಯಿಪಾಠ ಒಪ್ಪಿಸಿದ್ದೆ.

ಸಿಸ್ಟರ್ ಗಲಾಟೆ ಮಾಡಲಿಲ್ಲ. ಡಾಕ್ಟರಿಗೆ ತಿಳಿಸಿ, ಗೌಡರ ಮಂಚವನ್ನು ತಮ್ಮ ಮೇಜಿನ ಎದುರಿಗೇ ಹಾಕಿಸಿದರು. ನಾನು ಅಲ್ಲೇ ಹತ್ತಿರ ಬೆಂಚಿನ ಮೇಲೆ ಕೂತಿದ್ದೆ. ಆಮೇಲೆ ಸಿಸ್ಟರ್ ಸ್ಟೂಲು ಎಳೆದುಕೊಂಡು ಗೌಡರ ಪಕ್ಕ ಕೂತು, ಸುತ್ತಿ ಬಳಸದೆ, "ಗೌಡ್ರೇ, ಸಾಯ್ಬೇಕು ಅನ್ನಿಸ್ತಾ ಇದ್ಯಾ?" ಎಂದು ಕೇಳಿಯೇ ಬಿಟ್ಟರು. ಅಂಥ ಮಾತನ್ನು ಬಾಯಿಬಿಟ್ಟು ಕೇಳಬಹುದು ಎಂದೇ ನನಗೆ ಗೊತ್ತಿರಲಿಲ್ಲ. ಗೌಡರ ಮೀಸೆ ಜೋತುಬಿದ್ದಿತ್ತು.

"ಇನ್ನೇನ್ ಉಳೀತು ಸಿಸ್ಟ್ರಮ್ಮ? ನನ್ನ ಎತ್ತು ಮಾಡ್ಬುಟ್ರು."

ಅರ್ಥವಾಗದವರಿಗೆ ಹೇಳುತ್ತೇನೆ. ಹೋರಿಯ ಬೀಜ ಒಡೆಸಿದರೆ ಅದು ಎತ್ತು. ನೇಗಿಲಿಗೆ, ಗಾಡಿಗೆ ಬರುತ್ತದೆ; ಹಸುವಿನ ಹತ್ತಿರಕ್ಕೆ ಬರುವುದಿಲ್ಲ.

ಸಿಸ್ಟರ್ ನಗಲಿಲ್ಲ. "ಅಯ್ಯೋ, ಅದಕ್ಕೆ ಯಾರೂ ಕೈ ಹಾಕಿಲ್ಲ ಗೌಡ್ರೇ. ನೀವೇ ಮುಟ್ಟಿ ನೋಡ್ಕೊಳ್ಳಿ, ಹಂಗೇ ಇದೆ."

"ಮ್ಯಾಲ್ಗಡೆ ಇದ್ದಂಗೇ ಇರ್ತದೆ ಕಣವ್ವ. ಎತ್ತಿಗೂ ಇರಾಕಿಲ್ವಾ? ಇಕ್ಳದಾಗೆ ಒಳ್ಗಿನ್ ನರ ಒಡ್ದಿರ್ತಾರೆ ಅಷ್ಟೇಯ. ನಾನೇ ಎಷ್ಟು ಓರಿಗಳ್ನ ಇಡ್ಕಂಡಿಲ್ಲ ನನ್ ಕೈನಾಗೆ" ಎಂದು ತಮ್ಮ ದಪ್ಪ ಅಂಗೈಗಳನ್ನು ನೋಡಿಕೊಂಡರು. "ಅವು ಎದ್ದು ನಿಂತ್ಕಂಡು ಸುಮ್ನೆ ನೋಡ್ತವೆ. ಅಂಗೇ ಆಯ್ತು ನಂಗೂವೆ."

"ಯಾರು ಹೇಳಿದ್ದು ನಿಮಗೆ?"

"ಮೇಷ್ಟ್ರೇ ಯೋಳುದ್ರಲ್ಲಾ. ಓದಿರೋರು, ಅವ್ರ್ಯಾಕೆ ಸುಳ್ ಯೋಳಾರು?"

ಸಿಸ್ಟರ್ ನನ್ನನ್ನು ವರಾಂಡಕ್ಕೆ ಕರೆದುಕೊಂಡು ಹೋದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಬದುಕುತ್ತಿದ್ದೆ. "ನೀವು ಬಿತ್ತಿದ್ದು, ನೀವೇ ಕೀಳ್ಬೇಕು ಸಾರ್" ಎಂದರು. "ಡಾಕ್ಟ್ರು ಇನ್ನೊಂದು ಸಲ ಹೇಳ್ತಾರೆ, ನಾನೂ ಹೇಳ್ತೀನಿ. ಸಮಾಧಾನಕ್ಕೆ ಅಂತಾರೆ ಅಂದ್ಕೋತಾರೆ ಅಷ್ಟೆ. ನಿಮಗೆ ಅದೇ ಆಪರೇಷನ್ ಆಗಿದೆ. ನಿಮ್ಮ ಬಾಯಲ್ಲಿ ಬರ್ಬೇಕು."

"ಏನೆಂದು ಹೇಳಲಿ ಸಿಸ್ಟರ್? ಅದನ್ನೆಲ್ಲ ಮರ್ಯಾದೆಯಾಗಿ ಹೇಳಲು ಪದಗಳೇ..."

"ಮರ್ಯಾದೆ ಪದ ಬೇಡ ಸಾರ್. ಅದರಿಂದಲೇ ಇಷ್ಟೆಲ್ಲಾ ಆಗಿದ್ದು. ಆ ಮನುಷ್ಯ ಮನೆಗೆ ಹೋಗ್ಬೇಕು. ಬರೀ ಅಷ್ಟು ನೋಡ್ಕೊಳ್ಳಿ."

ತುಂಬಿದ ಸಭೆಯಲ್ಲಿ ಭಾಷಣ ಮಾಡಿದವನು, ಇನ್ಸ್‌ಪೆಕ್ಷನ್ನಿಗೆ ಬಂದವರ ಎದುರು ಹಳಗನ್ನಡ ಪಾಠ ಮಾಡಿದವನು, ಹತ್ತು ಹೆಜ್ಜೆ ದೂರದ ಮಂಚಕ್ಕೆ ಹೋಗಲು ಕಾಲು ಬರದೆ ನಿಂತಿದ್ದೆ. ಕೊನೆಗೆ ಹೋಗಿ ಕೂತೆ. ಗೌಡರು ಕಣ್ಣು ಮುಚ್ಚಿಕೊಂಡಿದ್ದರು.

"ಗೌಡರೇ, ನಾನು ಅವತ್ತು ಹೇಳಿದ್ದು ದಡ್ಡತನದ ಮಾತು. ತೆಗೆದಿರುವುದು ಬೀಜ ಅಲ್ಲ. ಹೊಟ್ಟೆಯೊಳಗಿನ ಉಚ್ಚೆ ಚೀಲದ ಬಾಯಲ್ಲಿ ಒಂದು ಗಂಟು ಇರುತ್ತೆ. ವಯಸ್ಸಾದ ಹಾಗೆ ಊದಿಕೊಂಡು ಉಚ್ಚೆ ದಾರಿಯನ್ನೇ ಮುಚ್ಚುತ್ತೆ. ಆ ಊದಿದ್ದನ್ನು ಒಳಗಿನಿಂದ ಹೆರೆದು ತೆಗೆದಿದ್ದಾರೆ. ನರ ಒಡೆದಿಲ್ಲ. ಇಕ್ಕಳ ಹಾಕಿಲ್ಲ."

"ಓದಿರೋರು ನೀವು. ಅವತ್ತು ಅಂಗಂದ್ರಿ, ಇವತ್ತು ಇಂಗಂತೀರಿ" ಎಂದರು, ಕಣ್ಣು ತೆರೆಯದೆ. "ಸಿಸ್ಟ್ರಮ್ಮ ಯೋಳ್ಕೊಟ್ರಾ?"

ಇನ್ನು ಉಳಿದಿದ್ದು ಒಂದೇ ಸಾಕ್ಷಿ. ನಾನು ಅವರ ಕಿವಿಯ ಹತ್ತಿರ ಬಾಗಿದೆ. ಆದರೆ ಪಾಠ ಮಾಡಿ ಮಾಡಿ ನನ್ನ ಗಂಟಲಿಗೆ ಪಿಸುಮಾತು ಬರುವುದೇ ಇಲ್ಲ.

"ಗೌಡರೇ, ನನಗೂ ಅದೇ ತೆಗೆದಿದ್ದಾರೆ. ನಿಮಗಿಂತ ಎರಡು ವರ್ಷ ದೊಡ್ಡವನು ನಾನು. ಇವತ್ತು ಬೆಳಗ್ಗೆ ಎದ್ದಾಗ ನಾನೊಬ್ಬನೇ ಎದ್ದಿರಲಿಲ್ಲ."

ಔಷಧಿಯ ಗಾಡಿಯ ಹತ್ತಿರ ನಮಗೆ ಬೆನ್ನು ಹಾಕಿ ನಿಂತಿದ್ದ ಸಿಸ್ಟರ್ ಕೈಯಲ್ಲಿ ಹಿಡಿದಿದ್ದ ಮಾತ್ರೆಗಳನ್ನು ಎಣಿಸುವುದು ನಿಲ್ಲಿಸಿದರು. ಗೌಡರು ಕಣ್ಣು ಬಿಟ್ಟು ನನ್ನ ಮುಖ ನೋಡಿದರು, ಆಮೇಲೆ ನನ್ನ ಪಂಚೆ ನೋಡಿದರು, ಮತ್ತೆ ಮುಖ ನೋಡಿದರು.

"ನಿಜ್ವಾಗ್ಲೂ ಮೇಷ್ಟ್ರೇ?"

"ನನ್ನ ಹೆಂಡತಿ ಆಣೆ."

"ಅವ್ರು ಇಲ್ಲಿದ್ರಾ?"

"ಅವಳು ಊರಲ್ಲಿದ್ದಾಳೆ. ವ್ಯರ್ಥವಾಯಿತು."

ಗೌಡರ ಹೊಟ್ಟೆಯಿಂದ ಮೊದಲು ಗುರ್ ಎಂದು ಏನೋ ಎದ್ದಿತು. ಮಂಚ ಅಲುಗಾಡಿತು. ಆಪರೇಷನ್ ಆದ ಜಾಗ ನೋಯುತ್ತದೆ ಎಂದು ಕೆಳಹೊಟ್ಟೆ ಹಿಡಿದುಕೊಂಡು, "ಅಯ್ಯಯ್ಯಪ್ಪಾ, ಸಾಯಿಸ್ಬುಟ್ರಲ್ಲಾ ಮೇಷ್ಟ್ರೇ" ಎಂದು ನಕ್ಕರು, ನಗುತ್ತಲೇ ಅತ್ತರು. ಆರು ಮಂಚದ ಗಂಡಸರೂ ಹೊಟ್ಟೆ ಹಿಡಿದುಕೊಂಡರು. ಸಿಸ್ಟರ್ ಬೆನ್ನು ತಿರುಗಿಸಿಯೇ ನಿಂತಿದ್ದರು, ಭುಜಗಳು ಮಾತ್ರ ಕುಣಿಯುತ್ತಿದ್ದವು.

ಉಸಿರು ತಿರುಗಿದ ಮೇಲೆ ಗೌಡರು ತಾವೇ ಪಾಠವನ್ನು ಮುಗಿಸಿದರು. "ಅಂದ್ರೆ ಕಾಲ್ವೆನಾಗೆ ಊಳು ತುಂಬ್ಕಂಡು ನೀರು ಕಟ್ಕಂಡಿತ್ತು. ಊಳೆತ್ತವ್ರೆ ಅನ್ನಿ! ಅಷ್ಟು ಯೋಳಾಕೆ ಗ್ರಂತಿ ಗ್ರಂತಿ ಅಂತ ನನ್ ಜೀವಾನೇ ತೆಗುದ್ರಲ್ಲಾ!" ಹೂಳೆತ್ತುವುದು! ಆ ಪದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಾಯಿಗೆ ಬರಲಿಲ್ಲ. ಆವತ್ತು ಆ ಮನುಷ್ಯನ ಎದುರು ನಾನು ಮತ್ತೆ ವಿದ್ಯಾರ್ಥಿಯಾದೆ, ಅದರಲ್ಲಿ ನನಗೆ ಯಾವ ನಾಚಿಕೆಯೂ ಇಲ್ಲ.

"ಮುದ್ದೆ ಐತಾ ಸಿಸ್ಟ್ರಮ್ಮ?" ಎಂದರು ಗೌಡರು. ಆ ಹೊತ್ತಿನಲ್ಲಿ ಮುದ್ದೆ ಎಲ್ಲಿ? ಸಿಸ್ಟರ್ ವರಾಂಡಕ್ಕೆ ಹೋಗಿ ಆಯಮ್ಮನನ್ನು ಕರೆದುಕೊಂಡು ಬಂದು, ಹೊರಗಿನ ಹೋಟೆಲಿನಿಂದ ತರಿಸಿಕೊಟ್ಟರು. ಗಂಡ ತಿನ್ನುವುದನ್ನು ಆಯಮ್ಮ ಕಣ್ಣು ಪಿಳುಕಿಸದೆ ನೋಡುತ್ತಾ ಕೂತಿತು. ಏನು ನಡೆಯಿತು ಎಂದು ಪಾಪ ಅದಕ್ಕೆ ಯಾರೂ ಹೇಳಿರಲಿಲ್ಲ.

ಸಿಸ್ಟರ್ ಹೇಳಿದರು, ಎತ್ತಿನ ಕತೆಯನ್ನೂ ಸೇರಿಸಿ. ಗೌಡರ ಪೈಪು ತೆಗೆದು, ಮೊದಲ ಸಲ ಉಚ್ಚೆ ಧಾರೆಯಾಗಿ ಬಂದು, ಗೌಡರು ಬಚ್ಚಲಿನಿಂದಲೇ "ಬಂತೂ!" ಎಂದು ಕೂಗಿ, ನಾವೆಲ್ಲ ಚಪ್ಪಾಳೆ ಹೊಡೆದ ದಿನ. ಮನೆಗೆ ಕಳಿಸುವ ಮುಂಚೆ ಗಂಡ ಹೆಂಡತಿ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದರು. ಕೆಲವು ವಾರ ಭಾರ ಎತ್ತಬಾರದು, ಟ್ರ್ಯಾಕ್ಟರ್ ಹತ್ತಬಾರದು, ನೀರು ಚೆನ್ನಾಗಿ ಕುಡಿಯಬೇಕು, ಮತ್ತೆ ರಕ್ತ ಕಂಡರೆ ಓಡಿ ಬರಬೇಕು. ಆಮೇಲೆ ಅದೇ ದನಿಯಲ್ಲಿ, ಒಂದಿಷ್ಟೂ ತಗ್ಗಿಸದೆ, ಡಾಕ್ಟರು ಸರಿ ಎನ್ನುವವರೆಗೆ ಇಬ್ಬರೂ ಬೇರೆ ಮಲಗಬೇಕು, ಸರಿ ಎಂದ ಮೇಲೆ ಜೊತೆಯಾಗಬಹುದು, ಆಗ ಗಂಡಸಿನ ನೀರು ಹೊರಗೆ ಬರದೆ ಒಳಗೇ ಹಿಂದಕ್ಕೆ ಹೋಗಬಹುದು, ಅದರಿಂದ ತೊಂದರೆಯಿಲ್ಲ, ಉಚ್ಚೆಯಲ್ಲಿ ಹೋಗಿಬಿಡುತ್ತದೆ, ಹೆದರಬೇಡಿ ಎಂದರು. ಆಯಮ್ಮ ನೆಲ ನೋಡುತ್ತಿತ್ತು. ಗೌಡರು ಒಂದೊಂದಕ್ಕೂ "ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಯೋಳಿ" ಎಂದು ಕೇಳಿ ಕೇಳಿ ತಿಳಿದುಕೊಂಡರು.

ಮನೆಗೆ ಬಂದ ಮೇಲೆ ನಾನೂ ಹರ್ನಿಯಾ ಕತೆ ಬಿಟ್ಟೆ. ವಾಕಿಂಗಿನಲ್ಲಿ ಸಿಕ್ಕ ಹಳೆಯ ಸಹೋದ್ಯೋಗಿಗಳಿಗೆ ನಿಜ ಹೇಳಿದೆ. ಕೇಳಿಸಿಕೊಂಡ ಐದು ಜನರಲ್ಲಿ ಇಬ್ಬರು ಮಾರನೆಯ ದಿನ ಒಬ್ಬೊಬ್ಬರೇ ಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ತಮಗೂ ಉಚ್ಚೆ ಕಟ್ಟುತ್ತಿದೆ ಎಂದರು. ಇಬ್ಬರನ್ನೂ ಹಾಸನಕ್ಕೆ, ಸಿಸ್ಟರ್ ಹತ್ತಿರ ಕಳಿಸಿದೆ. ನಾನು ಬರೆದ ಯಾವ ಮಾನಪತ್ರವೂ ಇಷ್ಟು ಕೆಲಸಕ್ಕೆ ಬಂದಿರಲಿಲ್ಲ.

ಮೂರು ತಿಂಗಳ ಮೇಲೆ ತಪಾಸಣೆಗೆ ನಾನೂ ಗೌಡರೂ ಫೋನಿನಲ್ಲಿ ಮಾತಾಡಿಕೊಂಡು ಒಂದೇ ದಿನ ಹೋದೆವು; ಗೌಡರ ಜೊತೆ ಆಯಮ್ಮನೂ ಬಂದಿತ್ತು. ನನ್ನ ಪಂಚೆ ಒಣಗಿತ್ತು. ಗೌಡರ ಮೀಸೆ ಮತ್ತೆ ಹುರಿಗೊಂಡಿತ್ತು. ಡಾಕ್ಟರು ಎಲ್ಲ ಸರಿಯಿದೆ ಎಂದು ಕಳಿಸಿದರು. ಆದರೆ ಸಿಸ್ಟರಿಗೆ ಡಾಕ್ಟರ ಮಾತು ಸಾಲದು. ಮೂವರನ್ನೂ ವಾರ್ಡಿನ ಬಾಗಿಲಲ್ಲಿ ತಡೆದು ನಿಲ್ಲಿಸಿ, ಗಂಡಸರಿಬ್ಬರನ್ನೂ ಬಿಟ್ಟು ನೇರ ಆಯಮ್ಮನನ್ನೇ ಕೇಳಿದರು.

"ಈಗ ಹೇಳಿಯಮ್ಮಾ. ಮನೇಲಿ ಇಬ್ರೂ ಸರಿ ಇದ್ದೀರಾ?"

ಆಯಮ್ಮ ಅತ್ತ ನೋಡಿತು, ಇತ್ತ ನೋಡಿತು. ಗೌಡರು ಕಿಟಕಿಯಾಚೆ ಯಾವುದೋ ಆಟೋ ನಂಬರು ಓದತೊಡಗಿದರು. ಅಷ್ಟು ದಿನದಲ್ಲಿ ಒಂದು ಜೋರು ಮಾತನ್ನೂ ಆಡದಿದ್ದ ಆ ಹೆಂಗಸು ಸೆರಗು ಮುಖಕ್ಕೆ ಎಳೆದುಕೊಂಡು, ಇಡೀ ವಾರ್ಡಿಗೆ ಕೇಳುವ ಹಾಗೆ ಅಂದುಬಿಟ್ಟಿತು:

"ಓಗ್ರವ್ವ ಅತ್ಲಾಗೆ! ಗೂಟ ಕಿತ್ಕಂಡ್ ಬತ್ತದೆ ನಿಮ್ ಎತ್ತು!"